ಆರನೇ ಕ್ಲಾಸಿಗೆ ಬಂದ್ರೂ ಕಳೆಯೋ ಲೆಕ್ಕ ಬರ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಗಣಿತ ಹೇಳ್ಕೊಡ್ತೀನಿ. ಕೆಲವು ಮಕ್ಕಳು ತುಂಬಾ ಹಿಂದಿದಾರೆ, 52ರಲ್ಲಿ 38 ಕಳೀರಿ ಅಂದ್ರೆ 26 ಅಂತ ಬರೀತಾರೆ, ಸ್ಕೂಲ್ ಬಿಟ್ಮೇಲೆ ಕೂರಿಸ್ಕೊಂಡು ಅದನ್ನೇ ಮತ್ತೆ ಮತ್ತೆ ಮಾಡಿಸ್ತೀನಿ, ಮಾರನೇ ದಿನ ಅದೇ ಕಥೆ.

ಉತ್ತರ 1: ಮೇಡಂ, ಆ 26 ಸುಮ್ನೆ ಬಂದಿದ್ದಲ್ಲ. 2ರಲ್ಲಿ 8 ಹೋಗಲ್ಲ ಅಂತ ಮಗು 8ರಲ್ಲೇ 2 ಕಳೆದುಬಿಟ್ಟಿದೆ, ಅಂದ್ರೆ ಸ್ಥಾನಬೆಲೆನೇ ಅರ್ಥ ಆಗಿಲ್ಲ. ಹತ್ತತ್ತು ಕಡ್ಡಿಯ 5 ಕಟ್ಟು, 2 ಬಿಡಿ ಕಡ್ಡಿ ಕೊಡಿ, ಒಂದು ಕಟ್ಟನ್ನ ಅವರ ಕೈಲೇ ಬಿಚ್ಚಿಸಿ, ಆಗ 4 ಕಟ್ಟು 12 ಬಿಡಿ ಆಗೋದು ಕಣ್ಣಿಗೇ ಕಾಣುತ್ತೆ. ಬರೆಸೋದು ಆಮೇಲೆ.

ಉತ್ತರ 2: ಒಂದೇ ದಿನ ರಾಶಿ ಲೆಕ್ಕ ಬೇಡ, ಅವತ್ತಿಗೆ ಬಂದಂಗೆ ಕಾಣುತ್ತೆ ಅಷ್ಟೆ. ಎರಡೇ ಲೆಕ್ಕ ಕೊಡಿ, ಎರಡು ದಿನ ಬಿಟ್ಟು ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ಬೋರ್ಡ್ ಸರಿಯಾಗಿ ಕಾಣುತ್ತಾ ಅಂತಾನೂ ನೋಡಿ (ಇದನ್ನ ಯಾರೂ ಕೇಳೋದೇ ಇಲ್ಲ).

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಆದ್ರೆ ಈ ವಯಸ್ಸಲ್ಲಿ ಕಡ್ಡಿ ಹಿಡಿಯೋಕೆ ನಾಚ್ಕೊಳಲ್ವಾ?

ಉತ್ತರ 1: ಅವರಿಗೆ ಮಾತ್ರ ಕೊಟ್ರೆ ಖಂಡಿತ ನಾಚ್ಕೋತಾರೆ. ಇಡೀ ಕ್ಲಾಸಿಗೇ ಕೊಟ್ಬಿಡಿ, ಫಸ್ಟ್ ಬರೋ ಮಕ್ಕಳಲ್ಲೂ ಎಷ್ಟೋ ಜನಕ್ಕೆ ಕಟ್ಟು ಯಾಕೆ ಬಿಚ್ಚಬೇಕು ಅಂತ ಹೇಳೋಕೆ ಬರಲ್ಲ.