ಅಪ್‌ಡೇಟ್: ಸರ್ವೆ ದೋಣಿಯ ಸೆನ್ಸರ್‌ಗಳ ಟೈಮ್ ಸಮಸ್ಯೆ ಬಗೆಹರಿಯಿತು

ಕಾರವಾರದ ಸಮುದ್ರಕ್ಕೆ ಒಯ್ಯುವ ಮುಂಚೆ ನಮ್ಮ ಎಕೋಸೌಂಡರ್ (ನೀರೊಳಗೆ ಶಬ್ದ ಕಳಿಸಿ ಆಳ ಅಳೆಯುವ ಸಾಧನ), ಜಿಪಿಎಸ್, ಮೋಷನ್ ಸೆನ್ಸರ್ (ದೋಣಿಯ ಓಲಾಟ ಅಳೆಯುವುದು) ಮೂರನ್ನೂ ಒಂದೇ ನೆಟ್‌ವರ್ಕಿಗೆ ಹಾಕಿ ಲಿಂಗನಮಕ್ಕಿ ಹಿನ್ನೀರಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ದೋಣಿ ಹೋಗುವಾಗ ಒಂದು ಆಳ, ಬರುವಾಗ ಅದೇ ಜಾಗದಲ್ಲಿ ಇನ್ನೊಂದು ಆಳ ಯಾಕೆ ಅಂತ ಕೇಳಿದ್ದೆ ಅಲ್ವಾ? ಈಗ ಸರಿಯಾಗಿದೆ.

ನೀವು ಕೊಟ್ಟ ಸಲಹೆಗಳಲ್ಲಿ ಕೇಬಲ್, ನೆಟ್‌ವರ್ಕ್ ಸ್ವಿಚ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಸ್ಟ್ಯಾಟಿಕ್ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟ ಮೇಲೆ ಸೆನ್ಸರ್ ಆಗಾಗ ಮಾಯವಾಗುವುದು ನಿಂತಿತು, ಅಷ್ಟೇ. ಕೆಲಸ ಮಾಡಿದ್ದು ಪಿಪಿಎಸ್ ಸಲಹೆ, ಅಂದರೆ ಜಿಪಿಎಸ್ ಸೆಕೆಂಡಿಗೊಮ್ಮೆ ಕೊಡುವ ಪಲ್ಸ್ ಬಳಸಿ ಎಲ್ಲ ಸೆನ್ಸರ್‌ಗಳ ಟೈಮ್ ಹೊಂದಿಸುವುದು. ಸೆನ್ಸರ್‌ಗಳಿಂದ ಸೀರಿಯಲ್ ಕೇಬಲ್‌ನಲ್ಲಿ ಬರುವ ಡೇಟಾವನ್ನು ನೆಟ್‌ವರ್ಕಿಗೆ ಕೊಡುವ ಕನ್ವರ್ಟರ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಕಳಿಸುತ್ತದೆ. ಲ್ಯಾಪ್‌ಟಾಪ್ ತನಗೆ ತಲುಪಿದ ಹೊತ್ತನ್ನೇ ಬರೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತಿತ್ತು, ಹಾಗಾಗಿ ಆಳ ತಪ್ಪು ಜಾಗಕ್ಕೆ ಸೇರುತ್ತಿತ್ತು. ಈಗ ಜಿಪಿಎಸ್‌ನಿಂದ ಸೆಕೆಂಡಿಗೊಂದು ಪಲ್ಸ್, ಜೊತೆಗೆ ಝಡ್‌ಡಿಎ ಸಂದೇಶ (ದಿನಾಂಕ, ಸಮಯ ಹೇಳುವುದು) ಉಳಿದ ಎರಡೂ ಸೆನ್ಸರ್‌ಗೆ ಹೋಗುತ್ತದೆ. ಅಳತೆ ಮಾಡಿದ ಕ್ಷಣದಲ್ಲೇ ಟೈಮ್ ಬೀಳುತ್ತದೆ. ಇದನ್ನು ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್, ದೊಡ್ಡ ಉಪಕಾರ ಆಯಿತು.

ಹೊಸದಾಗಿ ಗೊತ್ತಾದ ಇನ್ನೊಂದು ವಿಷಯ. 20 ಡಿಗ್ರಿಯ ಸಿಹಿನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1482 ಮೀಟರ್. ಅಷ್ಟೇ ಬಿಸಿಯ ಸಮುದ್ರದ ನೀರಲ್ಲಿ ಸುಮಾರು 1521. ಸಮುದ್ರದ ಸೆಟ್ಟಿಂಗ್ ಇಟ್ಟುಕೊಂಡೇ ಹಿನ್ನೀರು ಅಳೆದರೆ 40 ಮೀಟರ್ ಆಳಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಜಾಸ್ತಿ ತೋರಿಸುತ್ತದೆ. ಇಲ್ಲಿ ಪರೀಕ್ಷೆ ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ.