ಮಗ್ಗುಲು ಬದಲಿಸಿದರೆ ಮನೆಯೇ ತಿರುಗುತ್ತದೆ ಎನ್ನುತ್ತಾಳೆ ಅಮ್ಮ: ಇದು ವಯಸ್ಸಿನದೇ?

ತೀರ್ಥಹಳ್ಳಿಯ ಮಗಳು:

ಅಮ್ಮನಿಗೆ ಈಗ 71. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ಮೂರು ತಿಂಗಳಿಂದ ಅಮ್ಮನಿಗೆ ತಲೆಸುತ್ತು. ಬೆಳಗಿನ ಜಾವ ಬಲ ಮಗ್ಗುಲಿಗೆ ಹೊರಳಿದೊಡನೆ ಮಾಡಿನ ಜಂತೆಗಳೆಲ್ಲ ಗಿರಗಿರನೆ ತಿರುಗುತ್ತವೆಯಂತೆ. ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ವಾಕರಿಕೆ ಮಾತ್ರ ಮಧ್ಯಾಹ್ನದವರೆಗೂ ಬಿಡುವುದಿಲ್ಲ. ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಲು ತಲೆ ಎತ್ತಿದರೂ ಹಾಗೆಯೇ. ಕಳೆದ ವಾರ ಬಚ್ಚಲಿನಲ್ಲಿ ಹಂಡೆಯಿಂದ ನೀರು ತೋಡಲು ಬಗ್ಗಿ ಎದ್ದವಳು ಗೋಡೆಗೆ ಒರಗಿಕೊಂಡೇ ಕುಸಿದಳು. ಮೊಣಕೈ ತರಚಿತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ.

ಅಪ್ಪಯ್ಯ ಪಿತ್ತ ಎಂದು ಜೀರಿಗೆ ಕಷಾಯ ಮಾಡಿಕೊಡುತ್ತಾರೆ. ಒಬ್ಬ ವೈದ್ಯರು ಕುತ್ತಿಗೆಯ ಎಕ್ಸ್‌ರೇ ನೋಡಿ, ಮೂಳೆ ಸವೆದಿದೆ ಎಂದು ಪಟ್ಟಿ ಹಾಕಿಸಿದರು. ತಿಂಗಳಾದರೂ ಗುಣವಿಲ್ಲ. ರಕ್ತದೊತ್ತಡ, ಸಕ್ಕರೆ ಎರಡೂ ಸರಿಯಿವೆ. ಅಮ್ಮ ಈಗ ಮೂರು ದಿಂಬು ಒಟ್ಟಿಕೊಂಡು ಕುಳಿತೇ ನಿದ್ದೆ ಮಾಡುತ್ತಾಳೆ. ರಂಗೋಲಿ ಹಾಕುವುದನ್ನೂ ಬಿಟ್ಟಿದ್ದಾಳೆ. ಕೇಳಿದರೆ, "ವಯಸ್ಸಾಯಿತಲ್ಲ, ಇನ್ನು ಹೀಗೆಯೇ" ಎನ್ನುತ್ತಾಳೆ. ನನಗೆ ಅದನ್ನು ಒಪ್ಪಲು ಆಗುತ್ತಿಲ್ಲ. ಯಾರಿಗಾದರೂ ಹೀಗಾಗಿ ವಾಸಿಯಾಗಿದೆಯೇ?

ಸಾಗರದ ಮೇಷ್ಟ್ರು:

ನನಗೆ ಆಗಿದೆ, ವಾಸಿಯೂ ಆಗಿದೆ ಮಗಳೇ. ನನಗೀಗ 76.

ಎರಡು ವರ್ಷ ನಾನು ಮಾಡಿದ ತಪ್ಪೆಂದರೆ, ಹೋದಲ್ಲೆಲ್ಲ "ತಲೆಸುತ್ತು" ಎಂದಷ್ಟೇ ಹೇಳಿದ್ದು. ನಮ್ಮ ಭಾಷೆಯಲ್ಲಿ ಆ ಒಂದು ಮಾತಿನೊಳಗೆ ಎಷ್ಟೋ ಕಾಯಿಲೆಗಳು ಸೇರಿಕೊಂಡಿವೆ. ಸುತ್ತಲಿನ ಮನೆ ತಿರುಗಿದಂತಾಗುವುದು ಬೇರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುವುದು ಬೇರೆ, ತಲೆ ನೆಟ್ಟಗಿದ್ದರೂ ನಡೆಯುವಾಗ ಜೋಲಿ ಹೊಡೆಯುವುದು ಬೇರೆ. ಕೊನೆಗೆ ಶಿವಮೊಗ್ಗದಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯರೊಬ್ಬರು ಪೆನ್ನು ಕೆಳಗಿಟ್ಟು ಕೇಳಿದರು: "ತಿರುಗುವುದು ಯಾವಾಗ? ಯಾವ ಮಗ್ಗುಲಿಗೆ? ಎಷ್ಟು ಹೊತ್ತು?" ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

ಒಳಗಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಕಪ್ಪೆಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಅವುಗಳಲ್ಲಿಯೂ ಇರುವುದು. ವಯಸ್ಸಾದಂತೆ ಅವು ಸಡಿಲಗೊಂಡು, ಪಕ್ಕದ ಅರ್ಧವೃತ್ತದ ನಾಳಕ್ಕೆ ಜಾರಿಬಿಡುತ್ತವೆ. ಹೊರಳಿದಾಗ ಹರಳು ಉರುಳುತ್ತದೆ, ನಾಳದ ದ್ರವ ಕದಲುತ್ತದೆ, ತಲೆ ತಿರುಗುತ್ತಿದೆ ಎಂದು ಕಿವಿ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತದೆ. ಹರಳು ತಳ ಸೇರಿದೊಡನೆ ಎಲ್ಲ ಶಾಂತ. ಅದಕ್ಕೇ ಆ ಸುತ್ತು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುವುದು. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು, ತಲೆಯನ್ನು ಹಂತಹಂತವಾಗಿ ಹೊರಳಿಸಿ ಆ ಹರಳನ್ನು ಮೊದಲಿದ್ದ ಕಡೆಗೇ ಸಾಗಿಸುವ ವಿಧಾನವನ್ನು ಕಂಡುಹಿಡಿದು 1992ರಲ್ಲಿ ಪ್ರಕಟಿಸಿದರು. ಸೂಜಿಯಿಲ್ಲ, ಕತ್ತರಿಯಿಲ್ಲ. ನನಗೆ ಎರಡು ಸಲ ಮಾಡಬೇಕಾಯಿತು. ನಾಲ್ಕು ವರ್ಷದ ನಂತರ ಒಮ್ಮೆ ಮರಳಿ ಬಂತು, ಮತ್ತೆ ಮಾಡಿಸಿಕೊಂಡೆ.

ನೀವು ಬರೆದ ಲಕ್ಷಣ ನನ್ನದರ ಹಾಗೆಯೇ ಇದೆ. ಆದರೂ ವೈದ್ಯರು ಪರೀಕ್ಷಿಸಿ ಹೇಳಲಿ.

ಮೈಸೂರಿನ ಫಿಸಿಯೋಥೆರಪಿಸ್ಟ್:

ಕುತ್ತಿಗೆಯ ಮೂಳೆ ಸವೆದಿದೆ ಎಂದಿದ್ದಾರಲ್ಲ, ಅದನ್ನು ಮೊದಲೇ ಹೇಳಿ. ತಲೆ ಬಾಗಿಸುವಾಗ ಎಚ್ಚರ ವಹಿಸುತ್ತಾರೆ. ವಿಡಿಯೊ ನೋಡಿಕೊಂಡು ಮನೆಯಲ್ಲಿ ಮಾಡಬೇಡಿ. ಯಾವ ಕಿವಿ ಎಂದು ಗೊತ್ತಾಗದೆ ಮಾಡಿದರೆ ಪ್ರಯೋಜನವಿಲ್ಲ.

ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ತರಿಸಿಕೊಂಡು ನುಂಗುವ ಹಿರಿಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್‌ನಂಥವನ್ನು ದೀರ್ಘಕಾಲ ತೆಗೆದುಕೊಂಡರೆ ಕೆಲವರಿಗೆ ಕೈ ನಡುಕ, ನಡಿಗೆಯ ಬಿಗಿತ ಬರಬಹುದು. ಅಮ್ಮ ಏನನ್ನು ನುಂಗುತ್ತಿದ್ದಾರೆಂದು ಚೀಟಿ ನೋಡಿ.

ಇನ್ನೊಂದು ಮಾತು. ಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಕಷಾಯ ಕಾಯಿಸುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಹುಬ್ಬಳ್ಳಿಯಿಂದ:

ನಮ್ಮ ತಂದೆಯವರದು ಮೇಷ್ಟ್ರು ಹೇಳಿದ ಎರಡನೆಯ ಬಗೆ. ರಾತ್ರಿ ಮೂತ್ರಕ್ಕೆ ಎದ್ದರೆ ಕಣ್ಣು ಕತ್ತಲೆ. ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ರಕ್ತದೊತ್ತಡ ನೋಡಿದಾಗ ಮೇಲಿನ ಸಂಖ್ಯೆ 20ಕ್ಕಿಂತ ಹೆಚ್ಚು ಇಳಿದಿತ್ತು. ಪ್ರಾಸ್ಟೇಟ್‌ಗೆ ಕೊಟ್ಟಿದ್ದ ಮಾತ್ರೆ ಕಾರಣವಾಗಿತ್ತು, ವೈದ್ಯರೇ ಬದಲಿಸಿದರು.

ತೀರ್ಥಹಳ್ಳಿಯ ಮಗಳು:

ಮೊನ್ನೆ ಊರಿಗೆ ಹೋಗಿ ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಹೇಳಬೇಕಾದದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆವು. ವೈದ್ಯರು ಅಮ್ಮನ ತಲೆಯನ್ನು ಬಲಕ್ಕೆ ತಿರುಗಿಸಿ ಸರ್ರನೆ ಹಿಂದಕ್ಕೆ ಮಲಗಿಸಿದರು. ಎರಡು ಮೂರು ಕ್ಷಣ ಏನೂ ಇಲ್ಲ. ಆಮೇಲೆ ಅಮ್ಮ ನನ್ನ ಮಣಿಕಟ್ಟನ್ನು ಹಿಡಿದ ಬಿಗಿಗೆ ಬಳೆಯ ಗುರುತು ಚರ್ಮದಲ್ಲಿ ಮೂಡಿತು. "ಕಣ್ಣು ಮುಚ್ಚಬೇಡಿ ಅಮ್ಮ" ಎಂದರು ವೈದ್ಯರು. ನಾನು ಬಗ್ಗಿ ನೋಡಿದೆ. ಕಣ್ಣಿನ ಪಾಪೆ ಒಂದೇ ದಿಕ್ಕಿಗೆ ಜಗ್ಗಿ ಜಗ್ಗಿ ತಿರುಗುತ್ತಿತ್ತು. ಮೂರು ತಿಂಗಳು ಅವಳು ಹೇಳುತ್ತಿದ್ದದ್ದು ಅಕ್ಷರಶಃ ನಿಜ ಎಂದು ಆಗ ಕಂಡಿತು.

ಅಲ್ಲಿಂದ ಎಡಕ್ಕೆ, ಪೂರ್ತಿ ಮಗ್ಗುಲಿಗೆ, ಮತ್ತೆ ಕೂರಿಸಿದ್ದು. ಕಾಲು ಗಂಟೆಯ ನಂತರ ಪುನಃ ಮಲಗಿಸಿ ನೋಡಿದರು; ಕಣ್ಣು ನಿಂತಿತ್ತು. ನಡೆಯುವಾಗ ತೇಲಿದ ಹಾಗೆ ಇನ್ನೂ ಕೊಂಚ ಆಗುತ್ತದೆ, ಕೆಲವು ದಿನ ಇರುತ್ತದಂತೆ. ಕುತ್ತಿಗೆ ಪಟ್ಟಿ ಬೇಡ ಎಂದರು. ಅಪ್ಪಯ್ಯ ಬಚ್ಚಲಿಗೆ ಹಿಡಿ ಕೂರಿಸಲು ಬಡಗಿಗೆ ಹೇಳಿದ್ದಾರೆ. ನಿನ್ನೆ ರಾತ್ರಿ ಅಮ್ಮ ಒಂದೇ ದಿಂಬಿನಲ್ಲಿ ಮಲಗಿದಳು. ಮುಂದಿನ ಶನಿವಾರ ಮತ್ತೆ ತೋರಿಸಬೇಕು, ಬಂದು ತಿಳಿಸುತ್ತೇನೆ.