ಸಹಾಯ ಬೇಕು: 14ನೇ ಮಹಡಿಯಲ್ಲಿ ಫೈರ್ ಹೋಸ್‌ಗೆ ಜೋರೇ ಇಲ್ಲ

ನಮಸ್ಕಾರ. ಮುಂಬೈನ ಮುಲುಂಡ್‌ನಲ್ಲಿ ನಮ್ಮ ಸೊಸೈಟಿ. ಭಾನುವಾರ ಫೈರ್ ಡ್ರಿಲ್ ಇತ್ತು. ಕೆಳಗೆ ಒಂದು ಹೋಸ್ ಹಾಕಿದಾಗ ನೀರು ಕಾಂಪೌಂಡ್ ಗೋಡೆ ದಾಟಿತು, ನಾಝಲ್ ಹಿಡಿದಿದ್ದ ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಹೋದರು. 14ನೇ ಮಹಡಿಯಲ್ಲಿ ಎರಡು ಹೋಸ್ ಜೋಡಿಸಿದರೆ ತುಳಸಿಗೆ ನೀರು ಹಾಕಿದ ಹಾಗೆ!

10 ಮೀಟರ್ ಏರಿದರೆ ಸುಮಾರು 1 ಬಾರ್ ಒತ್ತಡ ಹೋಗುತ್ತದೆ, ಸರಿ. ಅಂದರೆ 14ನೇ ಮಹಡಿಗೆ ಏರುವಷ್ಟರಲ್ಲಿ ಸುಮಾರು 4 ಬಾರ್ ಹೋಗುತ್ತದೆ. ಆದರೆ ಪಂಪ್ ಹತ್ತಿರ ಗೇಜ್ 7 ತೋರಿಸುತ್ತಿತ್ತು. ಉಳಿದದ್ದು ಎಲ್ಲಿ ಹೋಯ್ತು? ಹೋಸ್ ಉದ್ದ ಡಬಲ್ ಆದರೆ ಘರ್ಷಣೆಯೂ ಡಬಲ್, ಆದರೂ ಇಷ್ಟೊಂದಾ? ಮೆಟ್ಟಿಲ ತಿರುವಿನಲ್ಲಿ ಹೋಸ್ ಮಡಚಿಕೊಂಡಿತ್ತು, ನನಗೆ ಅದರ ಮೇಲೇ ಅನುಮಾನ. ಕಮಿಟಿಯವರು ಸುಮ್ನೆ ಹೊಸ ಪಂಪ್ ಅಂತಿದ್ದಾರೆ.

ಫೈರ್ ಬ್ರಿಗೇಡ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ನೀರು ಹರಿಯುತ್ತಿರುವಾಗಲೇ ಮೇಲಿನ ವಾಲ್ವ್‌ನಲ್ಲಿ ಒತ್ತಡ ಅಳೆಯುವುದು ಹೇಗೆ, ಹೇಳ್ತೀರಾ?